ಈ ಸಲ ಬುತ್ತಿ ಕಟ್ಟದೆ ಬಾದಾಮಿಗೆ ಹೋಗಬೇಕು ಅಂತಿದ್ದೇನೆ, ಏನಂತೀರಿ?

ಗುಮ್ಮಟದೂರಿನ ಸೊಸೆ (ವಿಜಯಪುರ), ಭಾನುವಾರ ರಾತ್ರಿ 10:15

ಎಲ್ಲರಿಗೂ ನಮಸ್ಕಾರ. ನನಗೆ 47. ಮನೆಯಲ್ಲಿ ಅತ್ತೆ (76), ಗಂಡ (52, ಆರು ವರ್ಷದಿಂದ ಸಕ್ಕರೆ ಕಾಯಿಲೆ), ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವ ಮಗ, ಪಿಯುಸಿ ಮಗಳು. ದಸರಾ ರಜೆಗೆ ಮಗ ಬರುತ್ತಾನೆ. ಎರಡು ರಾತ್ರಿ, ಮೂರು ಹಗಲು ತಿರುಗಾಡಿ ಬರೋಣ ಅಂತ ಇದೆ. ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು, ಬಾದಾಮಿ, ಬನಶಂಕರಿ. ನಮ್ಮದೇ ಸಣ್ಣ ಕಾರು.

ಸಮಸ್ಯೆ ಬುತ್ತಿಯದು. ನಮ್ಮ ಮನೆಯಲ್ಲಿ ಎಲ್ಲಿಗೆ ಹೊರಟರೂ ಬುತ್ತಿ ಕಟ್ಟಲೇಬೇಕು. ಅತ್ತೆ ಹೊರಗಿನದು ಮುಟ್ಟುವುದಿಲ್ಲ. "ಆ ಹೋಟೆಲ್ನಾಗಿನ ಎಣ್ಣಿ ಎಷ್ಟ್ ಸಲ ಕಾಸಿದ್ದೋ ಯಾರಿಗ್ಗೊತ್ತು" ಅಂತಾರೆ. ಹಾಗಾಗಿ ಹಿಂದಿನ ದಿನ ಆಫೀಸಿನಿಂದ ಬಂದು ಶೇಂಗಾ ಹುರಿಯುವುದು, ಹಿಂಡಿ (ಚಟ್ನಿಪುಡಿ) ಮಾಡುವುದು, ರಾತ್ರಿ ಹನ್ನೊಂದಕ್ಕೆ ಬದನೆಕಾಯಿ ಹೆಚ್ಚಿಡುವುದು. ಬೆಳಗ್ಗೆ ಮೂರೂವರೆಗೆ ಎದ್ದು ಚಪಾತಿ, ಪಲ್ಯ, ಮೊಸರನ್ನ. ಎಲ್ಲರೂ ಸ್ನಾನ ಮಾಡಿ ಹೊಸ ಬಟ್ಟೆ ಹಾಕಿಕೊಂಡು ಕಾರಿನಲ್ಲಿ ಕೂತು ಹಾರ್ನ್ ಹೊಡೆಯುವಾಗ ನಾನು ಡಬ್ಬಿಗೆ ಮುಚ್ಚಳ ಹಾಕುತ್ತಿರುತ್ತೇನೆ. ಕಾರು ಊರು ದಾಟುವ ಮೊದಲೇ ನನಗೆ ನಿದ್ದೆ.

ಮದುವೆಯಾಗಿ 24 ವರ್ಷ. ಬಾದಾಮಿಗೆ ನಾಲ್ಕು ಸಲ ಹೋಗಿದ್ದೇನೆ. ಮೂರನೇ ಗುಹೆಯಲ್ಲಿ ಏನಿದೆ ಅಂತ ಯಾರಾದರೂ ಕೇಳಿದರೆ ಹೇಳಲು ಬರುವುದಿಲ್ಲ. ಅಗಸ್ತ್ಯ ಹೊಂಡದ ಯಾವ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿದ್ದೆವು ಅನ್ನುವುದು ಮಾತ್ರ ಸರಿಯಾಗಿ ನೆನಪಿದೆ. ಒಂದು ಸಲ ಸ್ಟೀಲ್ ಡಬ್ಬಿಯ ಮುಚ್ಚಳ ಅಲ್ಲೇ ಬಿಟ್ಟು ಬಂದೆ. 2011ರ ಮಾತು. ಅತ್ತೆ ಅದನ್ನು ಇನ್ನೂ ಎತ್ತಿ ಆಡುತ್ತಾರೆ.

ಈ ಸಲ ಬುತ್ತಿ ಬೇಡ ಅಂತ ಮೊನ್ನೆ ಹೇಳಿಯೇ ಬಿಟ್ಟೆ. ಗಂಡ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಅತ್ತೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಮಾಡುತ್ತಿರುವುದು ತಪ್ಪಾ? ಮತ್ತೆ, ಈ ದಾರಿಯಲ್ಲಿ ವಯಸ್ಸಾದವರಿಗೆ, ಸಕ್ಕರೆ ಇರುವವರಿಗೆ ಮೂರು ದಿನ ಹೊಟ್ಟೆಗೆ ಒಗ್ಗುವ ಊಟ ಸಿಗುತ್ತದಾ? ಹೋಗಿ ಬಂದವರು ಹೇಳಿ.

ಖಡಕ್ ರೊಟ್ಟಿ (ಬಾಗಲಕೋಟೆ, ನವನಗರ), ಭಾನುವಾರ ರಾತ್ರಿ 10:50

ಅಕ್ಕಾರ, ತಪ್ಪು ತಿಳಿಯಬೇಡಿ. ಬುತ್ತಿ ಇಲ್ಲದ ಪ್ರವಾಸ ಪ್ರವಾಸವೇ ಅಲ್ಲ.

ನಾವು ಸಣ್ಣವರಿದ್ದಾಗ ಬನಶಂಕರಿ ಜಾತ್ರೆಗೆ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದೆವು. ಬನದ ಹುಣ್ಣಿಮೆ, ಮೈ ನಡುಗುವ ಚಳಿ. ಗಾಡಿಯಲ್ಲಿ ಮೇವಿನ ಮೇಲೆ ಕೌದಿ ಹಾಸಿ ಮಲಗಿಸುತ್ತಿದ್ದರು. ತಲೆ ಹತ್ತಿರವೇ ಬುತ್ತಿ ಗಂಟು. ಸಜ್ಜೆ ರೊಟ್ಟಿ, ಎಳ್ಳು ಉದುರಿಸಿದ್ದು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ. ಮಾದಲಿ ಬೇರೆ ಡಬ್ಬಿಯಲ್ಲಿ. ಗಾಡಿ ಕುಲುಕಿದಂತೆಲ್ಲ ಹಿಂಡಿಯ ಬೆಳ್ಳುಳ್ಳಿ ವಾಸನೆ ಮೂಗಿಗೆ ಬರುತ್ತಿತ್ತು. ಗಿಡದ ಕೆಳಗೆ ಗಂಟು ಬಿಚ್ಚಿದರೆ ಪಕ್ಕದ ಗಾಡಿಯವರು ತಮ್ಮದೂ ತಂದು ಕೂಡುತ್ತಿದ್ದರು. ಅವರ ಹಿಂಡಿ ನಮಗೆ, ನಮ್ಮದು ಅವರಿಗೆ. ಹೋಟೆಲ್ ಟೇಬಲ್ ಮೇಲೆ ಇದೆಲ್ಲ ಎಲ್ಲಿ ಬರಬೇಕು ಹೇಳಿ?

ತಿಳಕವಾಡಿ ಅಕ್ಕ (ಬೆಳಗಾವಿ), ಭಾನುವಾರ ರಾತ್ರಿ 11:02

ಅಣ್ಣಾ, ಆ ಗಂಟು ಕಟ್ಟುತ್ತಿದ್ದವರು ಯಾರು?

ಖಡಕ್ ರೊಟ್ಟಿ, ಭಾನುವಾರ ರಾತ್ರಿ 11:04

ಅವ್ವ. ಇನ್ಯಾರು?

ತಿಳಕವಾಡಿ ಅಕ್ಕ, ಭಾನುವಾರ ರಾತ್ರಿ 11:05

ಅವ್ವ ತೇರು ನೋಡಿದ್ದು ನೆನಪಿದೆಯಾ?

ಜೋಳದ ತೆನೆ (ಇಂಡಿ), ಸೋಮವಾರ ಬೆಳಗ್ಗೆ 6:30

ಜಗಳ ಬೇಡ, ನಡುವಿನ ದಾರಿ ಒಂದಿದೆ. ಬುತ್ತಿ ಇರಲಿ, ಮೂರೂವರೆಗೆ ಏಳುವುದು ಬೇಡ.

ನಿಮ್ಮ ತೊಂದರೆ ಬುತ್ತಿಯದಲ್ಲ ತಂಗಿ, ಚಪಾತಿಯದು. ಚಪಾತಿ, ಪಲ್ಯ, ಮೊಸರನ್ನ ಮೂರೂ ಅವತ್ತೇ ಮಾಡಿ ಅವತ್ತೇ ಮುಗಿಸಬೇಕಾದವು. ಎರಡನೇ ದಿನಕ್ಕೆ ವಾಸನೆ ಬರುತ್ತವೆ. ಖಡಕ್ ರೊಟ್ಟಿ ಹಾಗಲ್ಲ. ಬಿಸಿ ಎಸರು ಹಾಕಿ ನಾದಿ, ತೆಳ್ಳಗೆ ಬಡಿದು, ಬೇಯಿಸಿದ ಮೇಲೆ ಒಲೆಯ ಕಾವಿಗೆ ಒರಗಿಸಿಟ್ಟು ಪೂರಾ ಒಣಗಿಸುತ್ತಾರೆ. ನೀರಿನಂಶ ಇಲ್ಲದ ಮೇಲೆ ಬೂಜು ಎಲ್ಲಿಂದ ಬರಬೇಕು? ಗಾಳಿಯ ತೇವ ತಾಗದಂತೆ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಈಗ ನಮ್ಮ ಕಡೆ ಎಲ್ಲ ಊರಲ್ಲೂ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಇದ್ದಾರೆ. ಲೆಕ್ಕದ ಮೇಲೆ ಕೊಡುತ್ತಾರೆ. ನಾನು ಮನೆಯಲ್ಲಿ ರೊಟ್ಟಿ ಬಡಿಯುವುದು ಬಿಟ್ಟು ನಾಲ್ಕು ವರ್ಷ ಆಯ್ತು. ಹೆಗಲು ನೋವು. ಯಾರೂ ನನ್ನನ್ನು ಮನೆಯಿಂದ ಹೊರಗೆ ಹಾಕಿಲ್ಲ.

ಹಿಂಡಿ ಒಂದು ವಾರ ಮೊದಲೇ ಮಾಡಿಡಿ. ಮಿಕ್ಸರ್ ಒಂದೇ ಸಮ ತಿರುಗಿಸಬೇಡಿ, ಶೇಂಗಾ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ. ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ. ಬೆಳ್ಳುಳ್ಳಿ ಹಸಿಯಾಗಿ ಜಾಸ್ತಿ ಬಿದ್ದರೆ ತೇವ ಬರುತ್ತದೆ, ಸ್ವಲ್ಪ ಹುರಿದು ಹಾಕಿ.

ಅತ್ತೆಗೆ ಮೊಸರನ್ನ ಬೇಕೇ ಬೇಕು ಅಂದರೆ ಅದಕ್ಕೂ ಉಪಾಯ ಇದೆ. ಅನ್ನ ಬಿಸಿ ಇರುವಾಗ ಹಾಲು ಹಾಕಿ ಮೆತ್ತಗೆ ಕಲಸಿ. ಆರಿದ ಮೇಲೆ ಒಂದೇ ಚಮಚ ಮೊಸರು. ಮಧ್ಯಾಹ್ನ ಡಬ್ಬಿ ತೆರೆಯುವಷ್ಟರಲ್ಲಿ ತಾನೇ ಮೊಸರನ್ನ ಆಗಿರುತ್ತದೆ, ಹುಳಿ ಇರುವುದಿಲ್ಲ.

ಹಾಸ್ಟೆಲ್ ಹುಡುಗಿ (ಬೆಳಗಾವಿ), ಸೋಮವಾರ ಬೆಳಗ್ಗೆ 8:10

ನಾನು ನಿಮ್ಮ ಮಕ್ಕಳ ವಯಸ್ಸಿನವಳು. ಟೂರ್‌ನಲ್ಲಿ ಅಮ್ಮ ಸ್ಟೀಲ್ ಡಬ್ಬಿ ತೆಗೆದರೆ ನಾಚಿಕೆಯಾಗಿ ದೂರ ಹೋಗಿ ನಿಲ್ಲುತ್ತಿದ್ದೆ. ಈಗ ರೂಮಿನಲ್ಲಿ ಹಿಂಡಿ ಡಬ್ಬಿಯನ್ನು ಸೂಟ್‌ಕೇಸ್‌ನಲ್ಲಿಟ್ಟು ಬೀಗ ಹಾಕುತ್ತೇನೆ. ರೂಮ್‌ಮೇಟ್ ಅನ್ನಕ್ಕೂ ಅದೇ, ಬ್ರೆಡ್ಡಿಗೂ ಅದೇ ಹಾಕಿಕೊಳ್ಳುತ್ತಾಳೆ. ಸುಮ್ನೆ ಹೇಳಿದೆ.

ಮಾತ್ರೆ ಡಬ್ಬಿ (ಜಮಖಂಡಿ), ಸೋಮವಾರ ಮಧ್ಯಾಹ್ನ 2:20

ಔಷಧಿ ಅಂಗಡಿ ನಡೆಸುತ್ತೇನೆ, 55 ವಯಸ್ಸು, ನನಗೂ ಸಕ್ಕರೆ ಇದೆ. ಬುತ್ತಿ ಕಟ್ಟುವುದೋ ಬಿಡುವುದೋ ನೀವು ನೋಡಿಕೊಳ್ಳಿ. ಮಾತ್ರೆ ವಿಷಯ ಮಾತ್ರ ನಾನು ಹೇಳುತ್ತೇನೆ, ಯಾಕೆಂದರೆ ಬಾದಾಮಿಯಲ್ಲಿ ನನಗೆ ಆದದ್ದು ಯಾರಿಗೂ ಆಗಬಾರದು.

ಎರಡು ವರ್ಷದ ಹಿಂದೆ ಗುಹೆ ಹತ್ತುತ್ತಿದ್ದೆವು. ನನ್ನ ಕೈಯಲ್ಲಿ ಬಟ್ಟೆ ಚೀಲ. ಅದರಲ್ಲಿ ಬುತ್ತಿ, ಬಾಳೆಹಣ್ಣು, ಮೇಲೆ ಮಾತ್ರೆ ಡಬ್ಬಿ. ಮೊದಲ ಗುಹೆಯ ಮುಂದೆ ಒಂದು ಮಂಗ ಬಂತು. ಹೆದರಿಸಲಿಲ್ಲ, ಕಿರುಚಲಿಲ್ಲ. ನಮ್ಮ ಮನೆಯವರ ಹಾಗೆ ಬಂದು ಚೀಲ ಇಸ್ಕೊಂಡು ಹೋಯಿತು. ಬಂಡೆ ಮೇಲೆ ಕೂತು ಮೊದಲು ಬಾಳೆಹಣ್ಣು ತಿಂದಿತು. ಆಮೇಲೆ ಹೋಳಿಗೆ ಬಿಚ್ಚಿ, ಹೂರಣ ತಿಂದು ಕಣಕ ಎಸೆಯಿತು. ಕೊನೆಗೆ ಮಾತ್ರೆ ಡಬ್ಬಿ ಹಿಡಿದು ಅಲುಗಾಡಿಸಿ ನೋಡಿತು. ಗಲಗಲ ಶಬ್ದ ಬಂತಲ್ಲ, ಖುಷಿಯಾಗಿರಬೇಕು. ಎತ್ತಿಕೊಂಡು ಮೇಲೆ ಹೋಯಿತು. ಮೂರು ದಿನದ ಮಾತ್ರೆ, ಬಿಪಿಯದು ಸಕ್ಕರೆಯದು ಎರಡೂ ಹೋದವು. ಇಪ್ಪತ್ತೆಂಟು ವರ್ಷದಿಂದ ಊರಿಗೆಲ್ಲ ಮಾತ್ರೆ ಕೊಡುವವ ನಾನು. ಹೆಂಡತಿ ಮೆಟ್ಟಿಲ ಮೇಲೆ ಕೂತು ನಕ್ಕಿದ್ದು ನಕ್ಕಿದ್ದೇ.

ಅದಕ್ಕೇ ಹೇಳುವುದು, ಮಾತ್ರೆ ಎರಡು ಕಡೆ ಇಡಿ. ಒಂದು ಭಾಗ ಜೇಬಿನಲ್ಲಿ, ಒಂದು ಭಾಗ ಲಾಡ್ಜಿನ ರೂಮಿನಲ್ಲಿ. ಡಾಕ್ಟರ ಚೀಟಿಯ ಫೋಟೋ ಫೋನಿನಲ್ಲಿರಲಿ. ಗುಹೆಗೆ ತಿನ್ನುವ ಸಾಮಾನು ಒಯ್ಯಲೇಬೇಡಿ. ಯಾರಾದರೂ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಅದನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಕೆಟ್ಟು ಹೋಗುತ್ತದೆ. ಸಕ್ಕರೆಯ ಮಾತ್ರೆ ನುಂಗಿ ಊಟ ತಡ ಮಾಡಿದರೆ ಕೆಲವರಿಗೆ ಸಕ್ಕರೆ ಕೆಳಗೆ ಇಳಿಯುತ್ತದೆ. ಬೆವರು, ಕೈ ನಡುಕ. ಆಗ ಗ್ಲೂಕೋಸ್ ಪುಡಿ ಅಥವಾ ಬರೀ ಸಕ್ಕರೆ ನೀರು ಕೊಡಿ. "ಅಮೀನಗಡದ ಕರದಂಟು ಇದೆಯಲ್ಲ, ಅದೂ ಸಿಹಿಯೇ" ಅಂತ ಅದನ್ನು ಕೊಡಬೇಡಿ. ಅದರಲ್ಲಿ ತುಪ್ಪ, ಕೊಬ್ಬರಿ, ಗೋಡಂಬಿ. ಆ ಸಿಹಿ ಮೈಗೆ ಹತ್ತುವುದು ನಿಧಾನ. ಕರದಂಟು ಆರಾಮ ಇದ್ದಾಗ ತಿನ್ನುವುದು, ಅದೂ ಡಾಕ್ಟರಿಗೆ ಹೇಳದೆ.

ಖಡಕ್ ರೊಟ್ಟಿ, ಸೋಮವಾರ ಸಂಜೆ 6:45

ತಿಳಕವಾಡಿ ಅಕ್ಕಾರ, ನಿಮ್ಮ ಪ್ರಶ್ನೆ ರಾತ್ರಿಯೆಲ್ಲ ತಲೆಯಲ್ಲಿ ತಿರುಗಿತು. ತೇರು ಎಳೆಯುವ ಹೊತ್ತಿಗೆ ಅವ್ವ ಗಾಡಿ ಹತ್ತಿರವೇ ಇರುತ್ತಿದ್ದಳು. ಎತ್ತಿಗೆ ಮೇವು ಹಾಕಬೇಕು, ಪಾತ್ರೆ ಕಾಯಬೇಕು. ತೇರಿಗೆ ಎಸೆಯುವ ಉತ್ತತ್ತಿಯನ್ನು ನಮ್ಮ ಕೈಗೆ ಕೊಟ್ಟು "ನನ್ ಪಾಲಿಂದೂ ಒಗಿರಿ" ಅಂತ ಕಳಿಸುತ್ತಿದ್ದಳು.

ತಿಳಕವಾಡಿ ಅಕ್ಕ, ಸೋಮವಾರ ರಾತ್ರಿ 9:30

ನಮ್ಮ ಅವ್ವನದೂ ಅದೇ ಕಥೆ ಅಣ್ಣಾ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದರೆ ಮೂರು ಕಲ್ಲು ಹೂಡಿ ಹೋಳಿಗೆ ಮಾಡುವುದರಲ್ಲೇ ಅವಳ ದಿನ ಮುಗಿಯುತ್ತಿತ್ತು.

ಅದನ್ನು ನೋಡಿಯೇ ನಾನು 50 ದಾಟಿದ ಮೇಲೆ ಒಂದು ನಿಯಮ ಮಾಡಿಕೊಂಡೆ. ವರ್ಷಕ್ಕೆ ಎರಡು ಸಲ ನಾವು ಐದು ಮಂದಿ ಗೆಳತಿಯರು ಬಸ್ಸಿನಲ್ಲಿ ಹೊರಡುತ್ತೇವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಆವತ್ತಿನಿಂದ ಮನೆಯಲ್ಲಿ ದುಡ್ಡಿನ ಲೆಕ್ಕ ಕೊಡುವುದೂ ತಪ್ಪಿತು. ಆಧಾರ್ ತೋರಿಸಿ ಸೊನ್ನೆ ಟಿಕೆಟ್ ತೆಗೆದುಕೊಂಡು ಕೂತರೆ ಆಯ್ತು. ಬೆಳಗಾವಿ, ಬಾಗಲಕೋಟೆಯಲ್ಲಿ ವಾಯವ್ಯ ಸಾರಿಗೆಯ ಬಸ್ಸು, ನಿಮ್ಮ ವಿಜಯಪುರದಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯದು. ಎರಡರಲ್ಲೂ ನಡೆಯುತ್ತದೆ. ಎಸಿ, ಸ್ಲೀಪರ್ ಬಸ್ಸಿಗೆ ಇಲ್ಲ, ಪಂಢರಪುರದ ಕಡೆ ರಾಜ್ಯ ದಾಟಿ ಹೋಗಲೂ ಇಲ್ಲ.

ಕೈಯಲ್ಲಿ ನೀರಿನ ಬಾಟಲಿ, ಒಂದು ಪೊಟ್ಟಣ ಚುರುಮುರಿ. ಅಷ್ಟೇ. ಊಟಕ್ಕೆ ಯಾವ ಊರಿಗೆ ಹೋದರೂ ಖಾನಾವಳಿ ಇದೆ. ಬಿಸಿ ರೊಟ್ಟಿ ಬಡಿಯುವ ಶಬ್ದ ಬರುವ ಖಾನಾವಳಿಗೆ ಹೋಗಬೇಕು, ಬೋರ್ಡು ನೋಡಿ ಅಲ್ಲ. ಕಾಳು ಪಲ್ಯ, ಸೊಪ್ಪು, ಹಸಿ ಉಳ್ಳಾಗಡ್ಡಿ, ಮೊಸರು. ಸಕ್ಕರೆ ಇರುವವರಿಗೂ ಇದು ನಡೆಯುತ್ತದೆ, ಆಮೇಲೆ ಬರುವ ಅನ್ನದ ರಾಶಿಗೆ ಕೈ ಅಡ್ಡ ಹಿಡಿದರೆ ಸಾಕು.

ಮುಧೋಳದ ಅತ್ತೆ, ಮಂಗಳವಾರ ಬೆಳಗ್ಗೆ 7:00

ಎಲ್ಲರೂ ಸೊಸೆಯ ಕಡೆ ಮಾತಾಡಿದ್ದೀರಿ. ಅತ್ತೆಯ ಕಡೆ ಒಬ್ಬರಾದರೂ ಬೇಕಲ್ಲ. ನನಗೆ 71.

ತಂಗಿ, ನಿಮ್ಮ ಅತ್ತೆಗೆ ಹೋಟೆಲ್ ಎಣ್ಣೆಯ ಭಯ ಅಲ್ಲ. ದಾರಿಯಲ್ಲಿ ಹೊಟ್ಟೆ ಕೆಟ್ಟರೆ ಎಲ್ಲಿಗೆ ಹೋಗುವುದು ಅನ್ನುವ ಭಯ. ಇದನ್ನು ಮಗನ ಮುಂದೆ, ಮೊಮ್ಮಗನ ಮುಂದೆ ಹೇಳಲು ಬರುವುದಿಲ್ಲ. ಎಣ್ಣೆ ಸರಿ ಇಲ್ಲ ಅನ್ನುವುದು ಸುಲಭ. ನಾನು ಇಪ್ಪತ್ತು ವರ್ಷ ಅದನ್ನೇ ಹೇಳಿದ್ದೇನೆ. ಕಾರು ಹತ್ತಿದ ಮೇಲೆ ಅವರು ನೀರು ಕುಡಿಯುತ್ತಾರಾ ಗಮನಿಸಿದ್ದೀರಾ? ನಾನಂತೂ ಹೊರಡುವ ಹಿಂದಿನ ರಾತ್ರಿಯಿಂದಲೇ ನೀರು ಕಡಿಮೆ ಮಾಡುತ್ತಿದ್ದೆ. ಗಂಡಸರು ಎಲ್ಲಿ ಬೇಕಾದರೂ ಗಾಡಿ ನಿಲ್ಲಿಸಿ ಇಳಿಯುತ್ತಾರೆ. ನಾವು ಮುಂದಿನ ಊರು ಬರಲಿ ಅಂತ ಹಲ್ಲು ಕಚ್ಚಿ ಕೂಡುತ್ತೇವೆ.

ನನ್ನ ಸೊಸೆ ಒಂದು ಸಲ ಹೊರಡುವ ಮೊದಲೇ ಮೆಲ್ಲಗೆ ಕಿವಿಯಲ್ಲಿ ಹೇಳಿದಳು: "ಅತ್ತಿ, ಗಂಟೆಗೊಮ್ಮೆ ನಿಲ್ಲಸ್ತೇವಿ, ಪೆಟ್ರೋಲ್ ಬಂಕಿನಾಗ ಛಲೋ ಅದ, ನಾನೂ ಬರ್ತೇನಿ ಜೊತಿಗೆ." ಅವತ್ತಿನಿಂದ ನಾನು ಇಡ್ಲಿನೂ ತಿಂತೇನೆ, ಗಿರ್ಮಿಟ್ಟೂ ತಿಂತೇನೆ.

ಇನ್ನೊಂದು. ಹಲ್ಲು ಹೇಗಿವೆ ಅವರದು? ಖಡಕ್ ರೊಟ್ಟಿ ಖಡಕ್ ರೊಟ್ಟಿ ಅಂತೀರಲ್ಲ ಎಲ್ಲರೂ, ಹಲ್ಲಿನ ಸೆಟ್ ಹಾಕಿದವರು ಅದನ್ನು ಮಜ್ಜಿಗೆಯಲ್ಲೋ ಬಿಸಿ ಸಾರಿನಲ್ಲೋ ನೆನೆಸಿಯೇ ತಿನ್ನಬೇಕು.

ಗುಮ್ಮಟದೂರಿನ ಸೊಸೆ, ಮಂಗಳವಾರ ಬೆಳಗ್ಗೆ 7:40

ಅಮ್ಮಾ, ಹೌದು. ನೀರು ಕುಡಿಯುವುದಿಲ್ಲ. "ನೀರಡಕಿ ಇಲ್ಲ" ಅಂತಾರೆ. 24 ವರ್ಷದಲ್ಲಿ ನನಗೆ ಇದು ಹೊಳೆಯಲೇ ಇಲ್ಲ. ನಾನೂ ಹಾಗೇ ಮಾಡುತ್ತೇನೆ, ಆದರೂ ಹೊಳೆಯಲಿಲ್ಲ ನೋಡಿ.

ಮೊಣಕಾಲು ಸರ್ (ಬಾದಾಮಿ), ಮಂಗಳವಾರ ಸಂಜೆ 5:30

ಇಲ್ಲಿಯವನೇ, ಮೇಷ್ಟ್ರಾಗಿ ಈಗ ನಿವೃತ್ತಿ. ಮಕ್ಕಳನ್ನು ಗುಹೆಗೆ ಕರೆದುಕೊಂಡು ಹೋಗಿ ಹೋಗಿ ಮೊಣಕಾಲು ಸವೆಸಿಕೊಂಡವನು. ದಾರಿಯ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ.

ವಿಜಯಪುರ ಬಿಟ್ಟರೆ ಮೊದಲು ಕೂಡಲಸಂಗಮ. ಮಧ್ಯಾಹ್ನಕ್ಕೆ ಅಲ್ಲಿಗೆ ಸೇರುವಂತೆ ನೋಡಿಕೊಳ್ಳಿ, ದಾಸೋಹದಲ್ಲಿ ಊಟ ಆಗುತ್ತದೆ. ಅದನ್ನು ನಿಮ್ಮ ಅತ್ತೆ ಹೊರಗಿನ ಊಟ ಅನ್ನಲಾರರು, ಪ್ರಸಾದ ಅದು. ಆದರೆ ಬಸವಣ್ಣನವರ ಐಕ್ಯ ಮಂಟಪಕ್ಕೆ ಮೆಟ್ಟಿಲು ಇಳಿಯಬೇಕು. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಬರುತ್ತದೆ ಅಂತ ಮಂಟಪದ ಸುತ್ತ ದೊಡ್ಡ ಬಾವಿಯ ಹಾಗೆ ಗೋಡೆ ಎತ್ತಿದ್ದಾರೆ. ಇಳಿಯುವುದು ಸುಲಭ, ಹತ್ತುವಾಗ ಗೊತ್ತಾಗುತ್ತದೆ. ಅಲ್ಲಿಂದ ಹುನಗುಂದ, ಅಮೀನಗಡ, ಐಹೊಳೆ.

ಐಹೊಳೆಯಲ್ಲಿ ದುರ್ಗ ಗುಡಿ ನೆಲದ ಮೇಲೆಯೇ ಇದೆ, ಅಜ್ಜಿ ಆರಾಮ ನೋಡಬಹುದು. ಮೇಗುತಿ ಗುಡಿ ಗುಡ್ಡದ ಮೇಲಿದೆ. 634ರ ರವಿಕೀರ್ತಿಯ ಶಾಸನ ಇರುವುದು ಅಲ್ಲಿಯೇ. ಮಕ್ಕಳು ಹತ್ತಿ ಬರಲಿ. ಪಟ್ಟದಕಲ್ಲು ಮೊಣಕಾಲಿನವರ ಸ್ವರ್ಗ. ಸಮತಟ್ಟು, ಹುಲ್ಲು, ಪಕ್ಕದಲ್ಲಿ ಮಲಪ್ರಭೆ. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ವಿರೂಪಾಕ್ಷ ಗುಡಿ ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ. ಕಂಚಿಗೆ ಹೊರಟಾಗ ಬುತ್ತಿ ಯಾರು ಕಟ್ಟಿದರು ಅಂತ ಶಾಸನದಲ್ಲಿ ಇಲ್ಲ.

ಇನ್ನು ಮೂರನೇ ಗುಹೆ. ತಂಗಿ, ಅದೊಂದು ಸಾಲು ಓದಿ ನನಗೆ ಕಸಿವಿಸಿ ಆಯ್ತು. ನಾಲ್ಕು ಸಲ ಬಂದೂ ನೋಡಿಲ್ಲ ಅಂದರೆ ಹೇಗೆ? ನಾಲ್ಕರಲ್ಲಿ ದೊಡ್ಡದು ಅದೇ. ಚಾಲುಕ್ಯರ ಮಂಗಳೇಶ ಮಾಡಿಸಿದ್ದು, 578. ಇಸವಿ ಇಷ್ಟು ಖಚಿತವಾಗಿ ಹೇಳಲು ಬರುವುದು ಅಲ್ಲೇ ಶಾಸನ ಇರುವುದರಿಂದ. ಆಗ ಅವನ ಅಣ್ಣ ಕೀರ್ತಿವರ್ಮ ಆಳುತ್ತಿದ್ದ. ಕನ್ನಡದ ಸಣ್ಣ ಶಾಸನವೂ ಇದೆ, ಅದರಲ್ಲಿ ಗುಹೆಯನ್ನು "ಕಲ್ಮನೆ" ಅಂದಿದ್ದಾರೆ. ಕಲ್ಲಿನ ಮನೆ. ಅಷ್ಟು ದೊಡ್ಡ ಗುಡಿಗೆ ಎಷ್ಟು ಸಾದಾ ಹೆಸರು ನೋಡಿ. ಒಳಗೆ ಹೊಕ್ಕ ಕೂಡಲೇ ಎಡಕ್ಕೆ ಆದಿಶೇಷನ ಮೇಲೆ ಕೂತ ವಿಷ್ಣು. ವಿಷ್ಣು ಮಲಗಿದ್ದನ್ನು ಎಲ್ಲ ಕಡೆ ನೋಡುತ್ತೀರಿ, ಇಲ್ಲಿ ಹಾವಿನ ಸುರುಳಿಯ ಮೇಲೆ ಆರಾಮ ಕೂತಿದ್ದಾನೆ. ಆಮೇಲೆ ಕಂಬದ ಮೇಲ್ಗಡೆ ಕತ್ತೆತ್ತಿ ನೋಡಿ, ಗಂಡ ಹೆಂಡಿರ ಜೋಡಿಗಳಿವೆ. ಕೆಳಗೆ ನಿಂತು ಫೋಟೋ ತೆಗೆಯುವವರಿಗೆ ಇವು ಕಾಣುವುದಿಲ್ಲ.

ಬೆಳಗ್ಗೆ ಬೇಗ ಹತ್ತಿ. ಹತ್ತು ಗಂಟೆಯ ಮೇಲೆ ಮರಳುಗಲ್ಲು ಕಾಯುತ್ತದೆ. ಶುಕ್ರವಾರ ಮ್ಯೂಸಿಯಂ ಬಂದ್. ಅಂದಹಾಗೆ, ಮಾತ್ರೆ ಡಬ್ಬಿ ಅವರೇ, ನಿಮ್ಮ ಮಂಗ ಇನ್ನೂ ಆರೋಗ್ಯವಾಗಿದೆ.

ಊಟ? ಬಾದಾಮಿಯಿಂದ ಐದು ಕಿಲೋಮೀಟರ್ ಬನಶಂಕರಿ. ಗುಡಿ ಹತ್ತಿರ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಊಟ ಹೊತ್ತು ತರುತ್ತಾರೆ. ರೊಟ್ಟಿ, ಪುಂಡಿ ಪಲ್ಯ, ಕಾಳು, ಝುಣಕ, ಕೆಂಪು ಖಾರ, ಕುಡಿಕೆಯಲ್ಲಿ ಗಟ್ಟಿ ಮೊಸರು. ಬೆಳಗ್ಗೆ ಅವರ ಮನೆಯ ಒಲೆಯಲ್ಲೇ ಮಾಡಿದ್ದು. ಬನಶಂಕರಿ ಅಂದರೆ ಶಾಕಾಂಬರಿ, ಕಾಯಿಪಲ್ಯದ ತಾಯಿ. ಜಾತ್ರೆಯ ಸಮಯದಲ್ಲಿ ಪಲ್ಯದ ಹಬ್ಬಕ್ಕೆ 108 ಥರದ ಕಾಯಿಪಲ್ಯ ನೈವೇದ್ಯ ಮಾಡುತ್ತಾರೆ. ಅತ್ತೆಗೆ ಇದನ್ನು ಹೇಳಿ ನೋಡಿ.

ಗುಮ್ಮಟದೂರಿನ ಸೊಸೆ, ಬುಧವಾರ ರಾತ್ರಿ 10:00

ಸರ್, ನಿಮ್ಮ ಬರಹವನ್ನು ಮಗಳ ಕೈಯಲ್ಲಿ ಅತ್ತೆಗೆ ಓದಿಸಿದೆ. "ಬನಶಂಕರಿದು ಹೋಟೆಲ್ ಅಲ್ಲ, ಅದು ಬ್ಯಾರೆ" ಅಂದರು. ನಾಲ್ಕು ದಿನದ ಮೇಲೆ ಆಡಿದ ಮೊದಲ ಮಾತು! ಪೆಟ್ರೋಲ್ ಬಂಕಿನ ವಿಷಯ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದೆ. ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಕಾರ್ನಾಗ ನೀರಿನ ಬಾಟ್ಲಿ ನನ್ ಕಡೆ ಇಡ್ರಿ" ಅಂದರು.

ಬುತ್ತಿ ಕಟ್ಟುವುದಿಲ್ಲ. ಹೋಗಿ ಬಂದು ಬರೆಯುತ್ತೇನೆ.

ಗುಮ್ಮಟದೂರಿನ ಸೊಸೆ, ಹದಿನೈದು ದಿನದ ನಂತರ, ಭಾನುವಾರ ಮಧ್ಯಾಹ್ನ 3:20

ಬಂದೆವು. ಬಟ್ಟೆ ಒಗೆದು ಮುಗಿಸಿ ಈಗ ಕೂತೆ. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಹೊರಡುವ ದಿನ ಆರು ಗಂಟೆಗೆ ಎದ್ದೆ. ಆರಕ್ಕೆ! ಎಲ್ಲರ ಜೊತೆ ಚಹಾ ಕುಡಿದು ಎಲ್ಲರ ಜೊತೆ ಕಾರು ಹತ್ತಿದೆ. ಕೊಲ್ಹಾರದ ಕಡೆ ಹೋಗುವುದಾ ನಿಡಗುಂದಿ ಕಡೆಯಾ ಅಂತ ಗಂಡ, ಮಗ ಜಗಳ ಮಾಡಿದ್ದನ್ನು ಮೊದಲ ಸಲ ಎಚ್ಚರವಾಗಿದ್ದು ಕೇಳಿದೆ. ಪ್ರತಿ ಸಲ ಮಾಡುತ್ತಾರಂತೆ. ಬಂಕಿನಲ್ಲಿ ಎರಡು ಸಲ ನಿಂತೆವು. ನಾನೇ "ನನಗೆ ಹೋಗಬೇಕು" ಅಂದೆ, ಅತ್ತೆ "ಹಂಗಾರ ನಾನೂ ಬರ್ತೀನಿ" ಅಂದರು.

ಸಂಗಮದಲ್ಲಿ ದಾಸೋಹದ ಊಟ. ಗಂಡನ ಮಾತ್ರೆ ಹೊತ್ತಿಗೆ ಸರಿಯಾಯಿತು. ಅಮೀನಗಡದಲ್ಲಿ ಕರದಂಟು ತೆಗೆದುಕೊಂಡು ಅವರ ಕೈಗೆ ಸಿಗದ ಹಾಗೆ ಇಟ್ಟೆ. ಐಹೊಳೆಯಲ್ಲಿ ಜಾಸ್ತಿ ಹೊತ್ತು ಆಯಿತು. ಮಕ್ಕಳು ಮೇಗುತಿ ಹತ್ತಿ ಇಳಿಯಲಿಲ್ಲ, ಇಳಿಯಲಿಲ್ಲ. ಬಾದಾಮಿ ಸೇರುವಾಗ ರಾತ್ರಿ ಒಂಬತ್ತೂವರೆ. ಹಬ್ಬದ ರಜೆ, ಜನವೋ ಜನ. ಲಾಡ್ಜಿನವರು ನಾವು ಹೇಳಿಟ್ಟಿದ್ದ ದೊಡ್ಡ ರೂಮು ಬೇರೆಯವರಿಗೆ ಕೊಟ್ಟು ನಮಗೆ ಎರಡನೇ ಮಹಡಿಯಲ್ಲಿ ಎರಡು ಸಣ್ಣ ರೂಮು ಕೊಟ್ಟರು. ಅದರ ಜಗಳ ಮುಗಿಸಿ ಕೆಳಗೆ ಇಳಿದರೆ ಒಂದು ಖಾನಾವಳಿಯಲ್ಲಿ ಊಟ ಮುಗಿದಿತ್ತು, ಇನ್ನೊಂದರಲ್ಲಿ ಬಾಗಿಲು ಎಳೆಯುತ್ತಿದ್ದರು. ಗಂಡನ ಮುಖ ಬೆವರುತ್ತಿತ್ತು. ನನಗೆ ಮಾತ್ರೆ ಡಬ್ಬಿ ಅಣ್ಣಾರ ಮಾತು ನೆನಪಾಗಿ ಮೊದಲು ಗ್ಲೂಕೋಸ್ ನೀರು ಕುಡಿಸಿದೆ. ಒಳಗೊಳಗೇ ಅನ್ನಿಸಿತು, ಬುತ್ತಿ ಕಟ್ಟಬೇಕಿತ್ತು. ಬಾಯಿ ಬಿಟ್ಟು ಹೇಳಲಿಲ್ಲ.

ಆಗ ಅತ್ತೆ ತಮ್ಮ ಬ್ಯಾಗಿನ ಜಿಪ್ಪು ಎಳೆದರು. ಮೇಲೆ ಎರಡು ಸೀರೆ. ಸೀರೆ ಎತ್ತಿದರೆ ಕೆಳಗೆ ಮಾವನವರ ಹಳೆಯ ಧೋತರದಲ್ಲಿ ಸುತ್ತಿದ ದುಂಡನೆ ಗಂಟು. ಇಪ್ಪತ್ತೈದು ಖಡಕ್ ರೊಟ್ಟಿ. ಹಾರ್ಲಿಕ್ಸ್ ಬಾಟಲಿಯಲ್ಲಿ ಶೇಂಗಾ ಹಿಂಡಿ. ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಉಳ್ಳಾಗಡ್ಡಿ.

ನನಗೆ ಸಿಟ್ಟು ಬರಬೇಕಿತ್ತು ಅಲ್ವಾ? ಹಸಿವಿನಲ್ಲಿ ಬರಲಿಲ್ಲ. ಮಗ ಓಡಿ ಹೋಗಿ ಎಲ್ಲಿಂದಲೋ ಎರಡು ಪಾಕೀಟು ಮೊಸರು ತಂದ. ಮಂಚದ ಮೇಲೆ ಪೇಪರ್ ಹಾಸಿ ಕೂತೆವು. ಉಳ್ಳಾಗಡ್ಡಿ ಮುಷ್ಟಿಯಲ್ಲಿ ಗುದ್ದಿ ಒಡೆದೆವು. ಐದು ಮಂದಿ ಒಟ್ಟಿಗೆ ಖಡಕ್ ರೊಟ್ಟಿ ಮುರಿದರೆ ಎಂಥಾ ಶಬ್ದ ಅಂತೀರಿ! ಪಕ್ಕದ ರೂಮಿನವರು ಏನಾಯಿತು ಅಂತ ಬಾಗಿಲು ಬಡಿದರು. ಅವರಿಗೂ ಎರಡು ರೊಟ್ಟಿ ಹೋಯಿತು.

ಮೂರನೇ ರೊಟ್ಟಿ ಮುರಿಯುವಾಗ ನನಗೆ ಅನುಮಾನ ಬಂತು. ಎಲ್ಲ ಒಂದೇ ಅಳತೆ, ಒಂದೇ ದುಂಡು. ಅತ್ತೆಯ ರೊಟ್ಟಿ ಒಂದು ಕಡೆ ದಪ್ಪ ಇರುತ್ತದೆ. "ಅತ್ತಿ, ಇದ್ನ ಯಾರು ಮಾಡಿದ್ದು?" ಅಂದೆ. ಅತ್ತೆ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತರು. ಮಗಳು ನಕ್ಕುಬಿಟ್ಟಳು. ನಾನು ಆಫೀಸಿಗೆ ಹೋದ ಮೇಲೆ ಇವಳನ್ನು ಕಳಿಸಿ ಓಣಿಯ ತುದಿಯ ರೊಟ್ಟಿ ಮಾರುವವರಿಂದ ತರಿಸಿದ್ದಂತೆ! ಹೊರಗಿನದು! ಹಿಂಡಿ ಮಾತ್ರ ಸ್ವಂತ. ಬಾಯಿ ಬಿಡಬಾರದು ಅಂತ ಮಗಳಿಗೆ ಪಾನಿಪುರಿಗೆ ದುಡ್ಡು ಕೊಟ್ಟಿದ್ದರಂತೆ.

"ಬುತ್ತಿ ಕಟ್ಟಬ್ಯಾಡ ಅಂದ್ರು, ತರಿಸಬ್ಯಾಡ ಅಂದಿಲ್ಲಲ್ಲ" ಅಂದರು ಅತ್ತೆ.

ಮರುದಿನ ಏಳಕ್ಕೆಲ್ಲ ಗುಹೆಗೆ ಹೋದೆವು. ಅತ್ತೆ ಕೆಳಗೆ ಚಹಾ ಅಂಗಡಿಯಲ್ಲಿ ಕೂತರು. ನನ್ನ ಕೈಯಲ್ಲಿ ಏನೂ ಇರಲಿಲ್ಲ, ಮಂಗಗಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮೂರನೇ ಗುಹೆಯಲ್ಲಿ ಮುಕ್ಕಾಲು ಗಂಟೆ ಇದ್ದೆ. ಸರ್, ನೀವು ಹೇಳಿದ ವಿಷ್ಣು ನೋಡಿದೆ. ನಮ್ಮ ಮಾವ ಊಟ ಆದ ಮೇಲೆ ಆರಾಮ ಕುರ್ಚಿಯಲ್ಲಿ ಹಾಗೇ ಕೂಡುತ್ತಿದ್ದರು, ಒಂದು ಕಾಲು ಮಡಚಿ. ಕಂಬದ ಮೇಲಿನ ಜೋಡಿಗಳನ್ನು ಎಣಿಸುತ್ತಾ ಹೋದೆ, ಕತ್ತು ನೋವು ಬಂತು. ಒಂದರಲ್ಲಿ ಅವಳು ಅವನ ಹೆಗಲಿಗೆ ಒರಗಿ ನಿಂತಿದ್ದಾಳೆ, ನಾನು ಕಾರಿನಲ್ಲಿ ನಿದ್ದೆ ಹೋದ ಹಾಗೆ. ಗಂಡನನ್ನು ಕರೆದು ತೋರಿಸಿದೆ. "ಇವಳೂ ಮೂರೂವರೆಗೆ ಎದ್ದಿರಬೇಕು" ಅಂದರು. ಪೇಪರಿನ ಹಿಂದೆ ಕೂತು ಎಲ್ಲ ಕೇಳಿಸಿಕೊಂಡಿದ್ದಾರೆ ಅಂತ ಆಗ ಗೊತ್ತಾಯಿತು.

ಇಳಿದು ಬಂದು ಅತ್ತೆಯನ್ನು ಅಗಸ್ತ್ಯ ಹೊಂಡದ ಕಡೆ ಕರೆದುಕೊಂಡು ಹೋದೆವು. ದಂಡೆಯಲ್ಲಿ ಒಂದು ಕಡೆ ನಿಂತು ಆಚೀಚೆ ಮೆಟ್ಟಿಲು ನೋಡಿದರು. ಮುಚ್ಚಳಕ್ಕೇ ಇರಬೇಕು.

ಜೋಳದ ತೆನೆ, ಭಾನುವಾರ ಸಂಜೆ 4:05

ಅಂತೂ ರೊಟ್ಟಿ ಕೊಂಡು ತರುವುದು ನನ್ನ ಮಾತು, ಹೆಸರು ಅತ್ತೆಗೆ. ಇರಲಿ. ಬನಶಂಕರಿಯಲ್ಲಿ ಏನಾಯಿತು?

ಗುಮ್ಮಟದೂರಿನ ಸೊಸೆ, ಭಾನುವಾರ ಸಂಜೆ 4:30

ಅತ್ತೆ ಬುಟ್ಟಿಯ ಅಮ್ಮನ ಮುಂದೆ ಕೂತು ವಿಚಾರಣೆ ಶುರು ಮಾಡಿದರು. ಜೋಳ ಯಾವುದು, ಮಾಲದಂಡಿಯಾ? ಪುಂಡಿ ಪಲ್ಯಕ್ಕೆ ನುಚ್ಚು ಹಾಕಿದ್ದೀಯಾ, ಬೇಳೆ ಹಾಕಿದ್ದೀಯಾ? ಆ ಅಮ್ಮ ಎಲ್ಲಕ್ಕೂ ಉತ್ತರ ಕೊಟ್ಟು, ಕೊನೆಗೆ "ಯವ್ವಾ, ಉಣ್ಣಾಕ ಬಂದೀಯೋ ಬೀಗರಾಗಾಕ ಬಂದೀಯೋ" ಅಂದಳು. ಅತ್ತೆ ಬಿದ್ದು ಬಿದ್ದು ನಕ್ಕರು. ಎರಡು ರೊಟ್ಟಿ ತಿಂದರು. ಖಾರಕ್ಕೆ ಉಪ್ಪು ಕಡಿಮೆ ಅಂತ ಹೇಳುವುದನ್ನು ಮರೆಯಲಿಲ್ಲ. ಕುಡಿಕೆ ತೊಳೆದು ಮನೆಗೆ ತಂದಿದ್ದಾರೆ, ಈಗ ಅದರಲ್ಲಿ ಹೆಪ್ಪು ಹಾಕುತ್ತಾರೆ.

ಮುಧೋಳದ ಅತ್ತೆ, ಭಾನುವಾರ ಸಂಜೆ 6:15

ನಿಮ್ಮ ಅತ್ತೆಯ ಫೋನ್ ನಂಬರ್ ಕೊಡಿ ಅಂತ ಇಲ್ಲಿ ಕೇಳಬಾರದು, ಗೊತ್ತು. ನಾನು ಕೇಳಿದೆ ಅಂತ ಹೇಳಿ.

ಖಡಕ್ ರೊಟ್ಟಿ, ಭಾನುವಾರ ರಾತ್ರಿ 9:10

ಅಕ್ಕಾರ, ಆ ಬುಟ್ಟಿಯ ಅಮ್ಮ ಗುಡಿಯ ಯಾವ ಕಡೆ ಕೂಡುತ್ತಾರೆ? ಬನದ ಹುಣ್ಣಿಮೆಗೆ ಅವ್ವನನ್ನು ಕರೆದುಕೊಂಡು ಹೋಗಬೇಕು. 81 ಈಗ. ತೇರು ಕಾಣುವ ಜಾಗದಲ್ಲಿ ಕುರ್ಚಿ ಹಾಕಿಸಲು ಆಗುತ್ತದಾ, ಮೊಣಕಾಲು ಸರ್?

ಮೊಣಕಾಲು ಸರ್, ಭಾನುವಾರ ರಾತ್ರಿ 9:25

ತೇರಿನ ದಿನ ಕುರ್ಚಿ ಇಡಲು ಜಾಗ ಸಿಗುವುದಿಲ್ಲ, ಜನ ಕಾಲು ತುಳಿಯುತ್ತಾರೆ. ಮಧ್ಯಾಹ್ನವೇ ಬನ್ನಿ. ಪರಿಚಯದವರ ಅಂಗಡಿ ಕಟ್ಟೆ ಇದೆ, ಎತ್ತರ, ಅಲ್ಲಿ ಕೂರಿಸೋಣ. ಉತ್ತತ್ತಿ ಅಲ್ಲೇ ಸಿಗುತ್ತದೆ.

ಗುಮ್ಮಟದೂರಿನ ಸೊಸೆ, ಭಾನುವಾರ ರಾತ್ರಿ 9:40

ನಾವು ಹೋದಾಗ ಹೊಂಡದ ಕಡೆ ಕೂತಿದ್ದರು ಅಣ್ಣಾ. ಹನ್ನೊಂದರ ಮೇಲೆ ಹೋಗಿ. ಮೊಸರು ಮೊದಲೇ ಹೇಳಿ ಎತ್ತಿಡಿಸಿಕೊಳ್ಳಿ, ಬೇಗ ಖಾಲಿ ಆಗುತ್ತದೆ.